ತಾಂಡಾದ ಹುಡುಗಿಗೆ ನಾನು ಕೊಟ್ಟ ಸೊನ್ನೆ

ಐದನೇ ತರಗತಿಗೆ ಇಂಗ್ಲಿಷ್ ಕಲಿಸುವಾಗ ನನಗೊಂದು ಪದ್ಧತಿ ಇತ್ತು. ಪಾಠದ ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಮಕ್ಕಳಿಂದ ಕನ್ನಡದಲ್ಲಿ ಉತ್ತರ ಪಡೆಯುವುದು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಬೆತ್ತ ಹಿಡಿಯುವ ಮೇಷ್ಟ್ರುಗಳನ್ನು ನೋಡಿದ್ದೆ. ಅವರಿಗಿಂತ ನಾನು ಮಕ್ಕಳಿಗೆ ಹತ್ತಿರದವನು ಅಂತ ಮನಸ್ಸಿನಲ್ಲಿ ಹೆಮ್ಮೆ ಇತ್ತು.

ಆ ತರಗತಿಯಲ್ಲಿ ತಾಂಡಾದ ಒಬ್ಬ ಹುಡುಗಿ ಬಾಯಿಯೇ ಬಿಡುತ್ತಿರಲಿಲ್ಲ. ಸಿಂಹ ಮತ್ತು ಇಲಿಯ ಕಥೆ ಮುಗಿಸಿ ಪ್ರಶ್ನೆ ಕೇಳಿದೆ. ಒಂದಕ್ಕೂ ಉತ್ತರವಿಲ್ಲ. ಸೊನ್ನೆ ಹಾಕಿದೆ. ಪೋಷಕರ ಸಭೆಗೆ ಅವಳ ಅವ್ವ ಬಂದಾಗ ಎಲ್ಲರೆದುರೇ ಅಂದುಬಿಟ್ಟೆ: "ಇಂಗ್ಲಿಷ್ ಇಕೀ ತಲಿಗೆ ಹತ್ತಂಗಿಲ್ಲವ್ವ." ಆಕೆ ನೆಲ ನೋಡುತ್ತ, "ಮನ್ಯಾಗ ಬಾಳ ಮಾತಾಡ್ತಾಳ್ರೀ ಸರ" ಅಂದಳು. ತಾಯಿ ಕರುಳು, ಹಂಗs ಅಂತಾರ ಅಂದುಕೊಂಡು ಮುಂದಿನವರನ್ನು ಕರೆದೆ.

ಕೆಲವು ದಿನಗಳ ಮೇಲೆ, ಬಿಸಿಯೂಟದ ಹೊತ್ತಿನಲ್ಲಿ ಆ ಹುಡುಗಿ ತಮ್ಮನಿಗೆ ಏನೋ ಕಥೆ ಹೇಳುತ್ತಿದ್ದಳು. ಲಂಬಾಣಿ ನನಗೆ ಬಾರದು. ಆದರೆ ಕೈಯಲ್ಲಿ ಬಲೆ ಬೀಸುವುದು, ಹಲ್ಲಿನಿಂದ ಕಡಿಯುವುದು ಕಂಡು ಅನುಮಾನ ಬಂತು. ಅದೇ ತಾಂಡಾದ ದೊಡ್ಡ ಹುಡುಗನನ್ನು ಕರೆದು ಕೇಳಿದೆ. ನನ್ನ ಪಾಠದ ಕಥೆಯೇ, ಒಂದು ತಿರುವೂ ಬಿಟ್ಟಿರಲಿಲ್ಲ. ಸಿಂಹ ಇಲಿಯನ್ನು ಯಾಕೆ ಬಿಟ್ಟಿತು ಅನ್ನುವುದಕ್ಕೆ ಪುಸ್ತಕದಲ್ಲಿಲ್ಲದ ಕಾರಣವನ್ನೂ ಸೇರಿಸಿದ್ದಳಂತೆ. ಕೈಯಲ್ಲಿದ್ದ ತುತ್ತು ಒಳಗೆ ಇಳಿಯಲಿಲ್ಲ.

ಇಂಗ್ಲಿಷ್ ಕಥೆ ಆಕೆಗೆ ತಿಳಿದಿತ್ತು. ಅದನ್ನು ಹೇಳಲು ನಾನು ಬಿಟ್ಟಿದ್ದ ಒಂದೇ ದಾರಿ ಕನ್ನಡ, ಅದೂ ಪುಸ್ತಕದ ಕನ್ನಡ. ಆ ಕನ್ನಡವನ್ನೇ ಆಕೆ ಇನ್ನೂ ಕಲಿಯುತ್ತಿದ್ದಳು. ನಾನು ಅಳೆದದ್ದು ಕನ್ನಡ, ಸೊನ್ನೆ ಹಾಕಿದ್ದು ಇಂಗ್ಲಿಷಿಗೆ.

ಅಲ್ಲಿಂದ ಹಿಂದಿನ ವರ್ಷಗಳೂ ಒಂದೊಂದಾಗಿ ಕಣ್ಣಿಗೆ ಬಂದವು. ಉರ್ದು ಶಾಲೆಯಿಂದ ಬಂದ ಹುಡುಗನೊಬ್ಬ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ಬರೆದಾಗ "ಉಲ್ಟಾ" ಅಂತ ಗದರಿದ್ದೆ. ಬಲದಿಂದ ಎಡಕ್ಕೆ ಬರೆದು ಬೆಳೆದ ಕೈಗೆ ಅದೇ ನೇರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಭತ್ತ ಬೆಳೆಯಲು ಬಂದವರ ಕ್ಯಾಂಪುಗಳಿವೆಯಲ್ಲ, ಗಂಗಾವತಿ ಕಡೆ, ಅಲ್ಲಿನ ತೆಲುಗು ಮಕ್ಕಳ ಕಷ್ಟವೇ ಬೇರೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಊರುಗಳಿಂದ ಅಪ್ಪ-ಅವ್ವನ ಜೊತೆ ಗುಳೆ ಹೋಗಿ ನಡುವರ್ಷದಲ್ಲಿ ಮರಳುವ ಮಗುವಿಗೆ ಕಾಡುವುದು ಭಾಷೆಯಲ್ಲ, ತಪ್ಪಿಹೋದ ಪಾಠ. ಇವರೆಲ್ಲರ ಮೌನವನ್ನೂ ನಾನು ದಡ್ಡತನ ಅಂತಲೇ ಓದಿದ್ದೆ.

2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಇಂಗ್ಲಿಷ್ ಬೇಕೇ ಬೇಡವೇ ಅಂತ ನಾವು ಜಗಳಾಡಿದ್ದೆಲ್ಲ ಕನ್ನಡವನ್ನು ಎದುರಿಗಿಟ್ಟುಕೊಂಡು. ಮೂರನೆಯ ಭಾಷೆಯೊಂದನ್ನು ಮನೆಯಿಂದ ತರುವ ಮಗು ಆ ಜಗಳದಲ್ಲಿ ಎಲ್ಲೂ ಇರಲಿಲ್ಲ. ಒಡಿಶಾದಲ್ಲಿ ಆದಿವಾಸಿ ಮಕ್ಕಳಿಗೆ ಅವರ ಮನೆಮಾತಿನಲ್ಲೇ ಮೊದಲ ಪಾಠಪುಸ್ತಕಗಳನ್ನು ಮಾಡಿಸಿದ್ದಾರೆ. ನಮ್ಮ ತಾಂಡಾಗಳಿಗೂ ಅದು ಆಗಬೇಕು ಅನ್ನುವುದು ನನ್ನ ಗಟ್ಟಿಯಾದ ನಂಬಿಕೆ.

ಅಲ್ಲಿಯವರೆಗೆ ಮೇಷ್ಟ್ರು ಸುಮ್ಮನೆ ಕೂರಬೇಕಿಲ್ಲ. ಈಗ ಕಥೆ ಮುಗಿದ ಮೇಲೆ ಮಕ್ಕಳು ಮೊದಲು ತಮ್ಮ ತಮ್ಮ ಮಾತಿನಲ್ಲಿ ಅದನ್ನು ಪಕ್ಕದವರಿಗೆ ಹೇಳುತ್ತಾರೆ. ಗದ್ದಲ ಆಗುತ್ತದೆ, ಆಗಲಿ. ಆಮೇಲೆ ಕನ್ನಡ, ಆಮೇಲೆ ಬಂದಷ್ಟು ಇಂಗ್ಲಿಷ್. ಆ ಹುಡುಗಿ ಒಂದೆರಡು ವಾರ ಅನುಮಾನದಿಂದಲೇ ನನ್ನನ್ನು ನೋಡಿದಳು. ಆಮೇಲೆ ಮಾತಾಡಿದಳು, ತಪ್ಪು ತಪ್ಪಾಗಿ, ಜೋರಾಗಿ.

ಶಾಲೆಯ ದಾಖಲಾತಿ ವಹಿಯಲ್ಲಿ ಮಾತೃಭಾಷೆ ಅಂತ ಒಂದು ಕಾಲಂ ಇದೆ. ಅವಳ ಹೆಸರಿನ ಮುಂದೆ "ಕನ್ನಡ" ಅಂತಿತ್ತು. ಅಕ್ಷರ ನನ್ನವೇ. ದಾಖಲಾತಿಯ ದಿನ ಯಾರನ್ನೂ ಕೇಳದೆ ಸಾಲಾಗಿ ಅದನ್ನೇ ಬರೆದುಕೊಂಡು ಹೋಗಿದ್ದೆ. ಈಗ ಜೂನ್ ತಿಂಗಳಲ್ಲಿ ಪ್ರತಿ ಮಗುವನ್ನೂ ಹತ್ತಿರ ಕೂರಿಸಿಕೊಂಡು, ಮನೆಯಲ್ಲಿ ಅವ್ವನ ಜೊತೆ ಏನು ಮಾತಾಡುತ್ತೀ ಅಂತ ಕೇಳಿ ಆ ಕಾಲಂ ತುಂಬುತ್ತೇನೆ.