ಹಕ್ಕಿ ಮರದ್ದು, ಹಿತ್ತಲು ಮನೆಯವರದ್ದು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಕಾಡಲ್ಲಲ್ಲ, ಜನರ ಹಿತ್ತಲಿನ ಹುಣಸೆಮರಗಳಲ್ಲಿ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು, ನಿಜ. ಆದರೂ ಹಿತ್ತಲು ಹಿತ್ತಲೇ. ಅಲ್ಲೇ ಬಚ್ಚಲು, ಅಲ್ಲೇ ಒಣಹಾಕಿದ ಬಟ್ಟೆ.

ಹೋದ ಸಲ ಹಕ್ಕಿ ನೋಡಲು ಹೋದಾಗ, ಪಾತ್ರೆ ಬೆಳಗುತ್ತಿದ್ದ ಹೆಂಗಸೊಬ್ಬರು ನನ್ನ ಕ್ಯಾಮೆರಾದ ಉದ್ದನೆಯ ಲೆನ್ಸ್ ಕಂಡವರೇ, ಬೂದಿ ಕೈಯಲ್ಲೇ ಸೆರಗು ಎಳೆದುಕೊಂಡು ಒಳಗೆ ಹೋದರು. ಲೆನ್ಸ್ ಇದ್ದದ್ದು ಮರದ ಕಡೆಗೆ. ಅವರಿಗೆ ಅದು ಹೇಗೆ ಗೊತ್ತಾಗಬೇಕು? ತುಂಬಾ ನಾಚಿಕೆಯಾಯಿತು. ಹಿಕ್ಕೆಯ ನಾತ, ಮರಿಗಳ ಗಲಾಟೆ ಎಲ್ಲ ಸಹಿಸಿಕೊಂಡು ಈ ಹಕ್ಕಿಗಳನ್ನು ಉಳಿಸಿದವರು ಈ ಮನೆಗಳವರೇ.

ಈಗ ಮೊದಲು ಬಾಗಿಲಲ್ಲಿ ನಿಂತು "ಅಕ್ಕಾ, ಹಕ್ಕಿ ನೋಡ್ಬೋದಾ?" ಅಂತ ಕೇಳ್ತೀನಿ. ಬೇಡ ಅಂದರೆ ರಸ್ತೆಯಿಂದಲೇ ನೋಡ್ತೀನಿ. ಹೆಜ್ಜಾರ್ಲೆ ಅಲ್ಲಿಂದಲೂ ಚೆನ್ನಾಗಿ ಕಾಣುತ್ತೆ.