ನಮ್ಮ ಮನೆಯ ಗಡಿಯಾರ

ಕಮಲಾಪುರದ ನಮ್ಮ ಮನೆಯ ಗೋಡೆಗೆ ಒಂದು ಗಡಿಯಾರವಿದೆ. ಬೀಜದಂಗಡಿಯವರು ದೀಪಾವಳಿಗೆಂದು ಅಪ್ಪನಿಗೆ ಕೊಟ್ಟದ್ದು. ಆಗ ಅದು ಊರಿನ ಹೊತ್ತಿಗಿಂತ ಹತ್ತು ನಿಮಿಷ ಹಿಂದೆ ನಡೆಯುತ್ತಿತ್ತು. ಸೂರ್ಯನನ್ನು ನೋಡಿ ಕೆಂಪು ಬಾಳೆಯ ತೋಟಕ್ಕೆ ಹೋಗಿಬರುವ ಅಪ್ಪನಿಗೆ ಅದರಿಂದ ಏನೂ ಬಾಧಕವಿರಲಿಲ್ಲ. ಬಾಧಕವಾದದ್ದು ನನ್ನ ತಂಗಿಗೆ.

2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ಪಾಠವೆಲ್ಲ ಮೊಬೈಲಿಗೆ ಬಂತು. ಮನೆಯಲ್ಲಿದ್ದದ್ದು ಒಂದೇ ಮೊಬೈಲು. ನಾನು ಹತ್ತನೆಯ ತರಗತಿ, ತಂಗಿ ಏಳನೆಯದು; ನಡುವೆ ಬಾಳೆಯ ವ್ಯಾಪಾರಿಗಳ ಕರೆಗಳು ಬೇರೆ. ಮೊದಲ ವಾರ ಕಿತ್ತಾಟದಲ್ಲೇ ಕಳೆಯಿತು. ಕೊನೆಗೆ ಅಪ್ಪ ತೀರ್ಪು ಕೊಟ್ಟ: "ಹತ್ತರಿಂದ ಹನ್ನೊಂದು ಅವಂದು, ಹನ್ನೊಂದರಿಂದ ಹನ್ನೆರಡು ಅಕಿದು. ಆಮ್ಯಾಗ ನನಗ ಕೊಡ್ರಿ."

ನ್ಯಾಯ ಸರಿಯಾಗಿಯೇ ಇತ್ತು. ಆದರೆ ಮೊಬೈಲಿನ ಗಡಿಯಾರ ನನ್ನ ಕೈಯಲ್ಲಿತ್ತು. ಅವಳು ನಂಬಿದ್ದು ಗೋಡೆಯದನ್ನು. "ಅಣ್ಣಾ, ಹನ್ನೊಂದಾತು" ಎಂದು ಅವಳು ಕೈಚಾಚುವಾಗ ನಿಜವಾಗಿ ಹನ್ನೊಂದು ಹತ್ತಾಗಿರುತ್ತಿತ್ತು. ಅಷ್ಟರಲ್ಲಿ ಹಾಜರಿ ಮುಗಿದು, ಲೆಕ್ಕದ ಪಾಠ ಅರ್ಧ ದಾರಿಗೆ ಬಂದಿರುತ್ತಿತ್ತು. ಆ ಹತ್ತು ನಿಮಿಷ ನಾನೇನು ಓದುತ್ತಿದ್ದೆನೆಂದು ವಾಚಕರು ಕೇಳಬಾರದು. (ಹಳೆಯ ಕ್ರಿಕೆಟ್ ಪಂದ್ಯ ನೋಡುತ್ತಿದ್ದೆ.)

ಕಳೆದ ವರ್ಷ ಕಂಪ್ಯೂಟರ್ ಪರಿಚಯದ ತರಗತಿಯಲ್ಲಿ ಗುರುಗಳು ಹವಾಯಿ ದ್ವೀಪಗಳ ಸಂಗತಿ ಹೇಳಿದರು. 1971ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳ ಯಂತ್ರಗಳಿಗೆ ಒಂದೇ ರೇಡಿಯೋ ದಾರಿ ಮಾಡಿಕೊಟ್ಟರು, ಹೆಸರು ಅಲೋಹಾ. ಯಾರಿಗೆ ಯಾವಾಗ ಬೇಕೋ ಆಗ ಮಾತು. ಇಬ್ಬರು ಒಟ್ಟಿಗೆ ಆಡಿದರೆ ಇಬ್ಬರದೂ ಹಾಳು, ಮತ್ತೆ ಕಳಿಸಬೇಕು. ಲೆಕ್ಕದ ಪ್ರಕಾರ ಆ ದಾರಿಯಲ್ಲಿ ನೂರಕ್ಕೆ ಹೆಚ್ಚೆಂದರೆ 18 ಪಾಲು ಮಾತ್ರ ಉಪಯೋಗಕ್ಕೆ ಬಂದೀತು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್, ಕಾಲವನ್ನು ಸಮನಾದ ತುಂಡುಗಳಾಗಿ ಮಾಡಿ, ತುಂಡಿನ ಆರಂಭದಲ್ಲಿ ಮಾತ್ರ ಮಾತು ತೆಗೆಯಬೇಕೆಂದು ಸೂಚಿಸಿದ. 18 ಹೋಗಿ 37 ಆಯಿತು. "ಆದರೆ ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು" ಎಂದು ಗುರುಗಳು ಹೇಳಿದಾಗ ಬೆಂಚಿನಲ್ಲಿ ಕೂತ ನನಗೆ ಬೆವರು ಬಂತು.

ನಮ್ಮ ರೈಲಿನವರಿಗೆ ಈ ಬುದ್ಧಿ ಮೊದಲೇ ಇತ್ತು. ಬೊಂಬಾಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಬೊಂಬಾಯಿಯ ಹೊತ್ತು ಮದರಾಸಿನದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಆದ್ದರಿಂದ ಮದರಾಸಿನ ಹೊತ್ತನ್ನೇ ತಂತಿಯ ಮೂಲಕ ನಿಲ್ದಾಣಗಳಿಗೆ ತಿಳಿಸಿ ಗಾಡಿ ನಡೆಸಿದರು; ದೇಶದ ಪ್ರಮಾಣ ಕಾಲ ಬಂದದ್ದು 1906ರಲ್ಲಿ. ದಿನವೂ 16 ಗಂಟೆಗೆ ಮುಖ್ಯ ನಿಲ್ದಾಣಗಳಿಗೆಲ್ಲ ಸರಿಯಾದ ಹೊತ್ತು ತಿಳಿಸಬೇಕೆಂಬುದು ರೈಲ್ವೆಯ ಸಾಮಾನ್ಯ ನಿಯಮಗಳಲ್ಲೇ ಸೇರಿದೆ. 2017ರಲ್ಲಿ ಆರಂಭವಾದ ಬೀದರ–ಕಲಬುರಗಿ ಮಾರ್ಗದ ಗಾಡಿಯಲ್ಲಿ ನಾನು ಕಾಲೇಜಿಗೆ ಬರುತ್ತೇನೆ. ಒಂಟಿ ಹಳಿಯ ಮೇಲೆ ಎದುರು ಗಾಡಿಗಾಗಿ ಕಾಯುತ್ತ ನಿಂತಾಗೆಲ್ಲ ಕೈಚಾಚಿ ನಿಂತ ತಂಗಿಯೇ ಕಣ್ಣಿಗೆ ಕಟ್ಟುತ್ತಾಳೆ.

ಗಡಿಯಾರ ಹಿಂದಿದೆಯೆಂದು ನನಗೆ ಮೂರನೆಯ ದಿನವೇ ಗೊತ್ತಾಗಿತ್ತು. ಹೇಳಲಿಲ್ಲ. ತಿಂಗಳ ಕೊನೆಗೆ ಗೈರುಹಾಜರಿಯ ಪಟ್ಟಿಯಲ್ಲಿ ಅವಳ ಹೆಸರು ಬಂದಾಗ ಅವ್ವ "ಮೈಗಳ್ಳಿ" ಎಂದು ಬೈದಳು. ಆಗಲೂ ಹೇಳಲಿಲ್ಲ. ಆ ರಾತ್ರಿ ಸ್ಟೂಲು ಹತ್ತಿ ಮುಳ್ಳು ತಿರುಗಿಸಿಟ್ಟೆ. ಅದೇ ದೊಡ್ಡ ಉಪಕಾರವೆಂದುಕೊಂಡೆ.

ತಂಗಿ ಈಗ ದ್ವಿತೀಯ ಪಿ.ಯು.ಸಿ. ಲೆಕ್ಕ ತನಗೆ ಹತ್ತುವುದಿಲ್ಲವೆಂದು ಕಲಾ ವಿಭಾಗ ಹಿಡಿದಳು. ಆ ಹತ್ತು ನಿಮಿಷಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಈ ಸಂಚಿಕೆ ಅಚ್ಚಾಗಿ ಬಂದಾಗ ಮನೆಗೆ ಒಯ್ಯಬೇಕು. ಮಗನ ಹೆಸರು ಅಚ್ಚಿನಲ್ಲಿದೆಯೆಂದರೆ ಅಪ್ಪ ಅವ್ವ ಬಿಡುವವರಲ್ಲ. ಅವರಿಬ್ಬರಿಗೂ ಓದು ಬಾರದು. ತಂಗಿಯೇ ಗಟ್ಟಿಯಾಗಿ ಓದಿ ಹೇಳಬೇಕು.