ನಕ್ಷೆ ಬರೆಯೋರು, ಗೋಡೆ ಕಟ್ಟೋರು, ನಡುವೆ ಕಳೆದುಹೋಗೋ ದುಡ್ಡು

📌 1/6

ಒಂದು ಪ್ರಶ್ನೆ ಕೇಳ್ತೀನಿ, ಕಮೆಂಟ್ಸ್ ನೋಡದೇ ಉತ್ತರ ಯೋಚಿಸಿ. ಮನೆ ಕಟ್ಟುವಾಗ ಯಾರ ಕಣ್ಣಿಗೂ ಬೀಳದ ಹಾಗೆ ದುಡ್ಡು ಪೋಲಾಗೋದು ಎಲ್ಲಿ?

ಸಿಮೆಂಟ್ ಕದಿಯೋದ್ರಲ್ಲಿ ಅಂತೀರಾ? ಕಂಬಿ ರೇಟಲ್ಲಿ ಅಂತೀರಾ? ಅವೆಲ್ಲ ಕಣ್ಣಿಗೆ ಬೀಳತ್ತೆ, ಮನೆಯವರು ಜಗಳ ಆಡಿಯಾದ್ರೂ ಸರಿಮಾಡ್ಕೋತಾರೆ. ಕಣ್ಣಿಗೆ ಬೀಳದ್ದು ಬೇರೆ. ಕಟ್ಟಿದ್ದನ್ನ ಒಡೆಯೋದು, ಒಡೆದಿದ್ದನ್ನ ಮತ್ತೆ ಕಟ್ಟೋದು.

"ನೀನು ಬಿಕಾಂ, ನಿನಗ್ಯಾಕೆ ಕಾಂಕ್ರೀಟ್ ಉಸಾಬರಿ?" ಅಂತ ನಮ್ಮ ಬೆಂಚಿನವರು ಆಗಲೇ ನಗ್ತಿರ್ತಾರೆ, ಗೊತ್ತು. ನಮ್ಮ ಸೋದರಮಾವ ತುಮಕೂರಲ್ಲಿ ಸಣ್ಣ ಮಟ್ಟದ ಕಂಟ್ರಾಕ್ಟರ್. ಪ್ರತಿ ಶನಿವಾರ ಅವರ ಲೆಕ್ಕ ಟ್ಯಾಲಿಗೆ ಹಾಕೋದು ನಾನು. ಮರಳು, ಜೆಲ್ಲಿ, ಕಂಬಿ, ಸೆಂಟ್ರಿಂಗ್ ಬಾಡಿಗೆ, ಬಟವಾಡೆ, ಎಲ್ಲ ನನ್ನ ಕೈ ಮೇಲೇ ಹೋಗತ್ತೆ. ಎರಡು ವರ್ಷದಿಂದ ಒಂದು ವಿಷಯ ಗಮನಿಸಿದೀನಿ. "ಮತ್ತೆ ಮಾಡಿದ ಕೆಲಸ" ಅನ್ನೋದಕ್ಕೆ ಪುಸ್ತಕದಲ್ಲಿ ಒಂದು ಹೆಡ್ಡೇ ಇರಲ್ಲ. ಅದು ಕೂಲಿ ಜೊತೆ, ಸಿಮೆಂಟ್ ಜೊತೆ ಸೇರ್ಕೊಂಡು ಮಾಯ ಆಗ್ಬಿಡತ್ತೆ.

ನಮ್ಮ ಕಾಸ್ಟಿಂಗ್ ಸರ್ ಭಾಷೇಲಿ ಹೇಳೋದಾದ್ರೆ, ಅಬ್ನಾರ್ಮಲ್ ಲಾಸನ್ನ ನಾರ್ಮಲ್ ಲಾಸ್ ಅಂತ ಬರ್ಕೊಂಡು ಎಲ್ಲರೂ ಸುಮ್ಮನಾಗಿದಾರೆ.

ಈ ನಷ್ಟ ಹುಟ್ಟೋದು ಒಂದೇ ಜಾಗದಲ್ಲಿ: ಕಾಗದದ ಮೇಲೆ ಮನೆ ಕಟ್ಟೋರು ಮತ್ತು ನೆಲದ ಮೇಲೆ ಮನೆ ಕಟ್ಟೋರು, ಇವರಿಬ್ಬರ ನಡುವೆ. ಇಬ್ಬರೂ ಕೆಲಸ ಬಲ್ಲವರೇ. ಆದ್ರೆ ಇಬ್ಬರೂ ಮಾತಾಡಿಕೊಳ್ಳಲ್ಲ.

📌 2/6

ಹೋದ ವರ್ಷದ ಒಂದು ಕೆಲಸ ಹೇಳ್ತೀನಿ. 30×40 ಸೈಟು. ಕೆಳಗಡೆ ಬಾಡಿಗೆಗೆ, ಮೇಲ್ಗಡೆ ಓನರ್ ಕುಟುಂಬ.

ಬಾತ್‌ರೂಮ್ ಬರೋ ಜಾಗದಲ್ಲಿ ಸ್ಲ್ಯಾಬನ್ನ ಸುಮಾರು 1 ಅಡಿ ಕೆಳಗಿಳಿಸಿ ಹಾಕ್ತಾರೆ. ಪೈಪುಗಳು ಆ ಗುಂಡಿಯೊಳಗೆ ಓಡಾಡ್ಲಿ ಅಂತ. ಸಂಕನ್ ಸ್ಲ್ಯಾಬ್ ಅಂತಾರೆ. ಮೋಲ್ಡ್ ಹಾಕೋ ದಿನವೇ ಅದು ತೀರ್ಮಾನ ಆಗ್ಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದಕ್ಕೆ ತಿದ್ದುಪಡಿ ಅಂತ ಇಲ್ಲ.

ಮೋಲ್ಡ್‌ಗೆ ನಾಲ್ಕು ದಿನ ಇದ್ದಾಗ ಯಾರೋ ನೆಂಟರು ಬಂದು, ಈಶಾನ್ಯದಲ್ಲಿ ಬಾತ್‌ರೂಮ್ ಇರಬಾರದು ಅಂದ್ರು. ಓನರ್ ಆರ್ಕಿಟೆಕ್ಟ್‌ಗೆ ಫೋನ್ ಮಾಡಿದ್ರು. ಆರ್ಕಿಟೆಕ್ಟ್ ಮೇಡಂ ಎರಡೇ ದಿನದಲ್ಲಿ ಬಾತ್‌ರೂಮನ್ನ ವಾಯುವ್ಯಕ್ಕೆ ಸರಿಸಿ, ಹೊಸ ನಕ್ಷೆ ಓನರ್‌ಗೆ ಕಳಿಸಿದ್ರು. ಓನರ್ ರಾತ್ರಿ ಹನ್ನೊಂದಕ್ಕೆ ಅದನ್ನ ಮಾವನಿಗೆ ವಾಟ್ಸಾಪ್ ಫಾರ್ವರ್ಡ್ ಮಾಡಿದ್ರು, ಟೈಲ್ಸು, ನಲ್ಲಿ, ಬಾಗಿಲಿನ ಫೋಟೋಗಳ ಮಧ್ಯೆ ಅದೂ ಒಂದು. ಸೈಟಲ್ಲಿ ಮೇಸ್ತ್ರಿ ಕೈಲಿದ್ದದ್ದು ಹಳೇ ಪ್ರಿಂಟು. ಮೂರು ತಿಂಗಳಿಂದ ಮಡಚಿ ಮಡಚಿ ಸವೆದಿದ್ದ ಹಾಳೆ. ಬೆಳಗ್ಗೆ ಪೂಜೆ ಮಾಡಿ ಮೋಲ್ಡ್ ಹಾಕಿದ್ರು. ಗುಂಡಿ ಈಶಾನ್ಯದಲ್ಲೇ ಬಿತ್ತು.

ಯಾರ ತಪ್ಪು ಹೇಳಿ? ಮೇಡಂ ನಕ್ಷೆ ಕೊಟ್ಟಿದ್ರು. ಓನರ್ ಕಳಿಸಿದ್ರು. ಮೇಸ್ತ್ರಿ ಕೈಲಿದ್ದ ನಕ್ಷೆ ಪ್ರಕಾರವೇ ಕಟ್ಟಿದ್ರು. ಪ್ರತಿಯೊಬ್ಬರ ಹತ್ರಾನೂ ಒಂದೊಂದು ಸಾಕ್ಷಿ ಇತ್ತು.

ಸ್ಲ್ಯಾಬ್ ಒಡೆಯೋ ಹಾಗಿಲ್ಲ. ಕೊನೆಗೆ ಹಳೇ ಗುಂಡಿಗೆ ಹಗುರದ ಬ್ಲಾಕ್ ತುಂಬಿದ್ರು. ಹೊಸ ಬಾತ್‌ರೂಮಿನ ನೆಲಾನ ಪೈಪ್ ಹೋಗೋವಷ್ಟು ಎತ್ತರಿಸಿದ್ರು. ಹೆಚ್ಚಾದ ಭಾರ ತಡೆಯತ್ತಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಮತ್ತೆ ಲೆಕ್ಕ ಮಾಡಿಸಿದ್ರು. ಆ ಮನೇಲಿ ಮಂಡಿನೋವಿರೋ ಅಜ್ಜಿ ಒಬ್ರಿದ್ದಾರೆ. ಇನ್ಮೇಲೆ ಅವರು ರಾತ್ರಿ ಎದ್ದಾಗೆಲ್ಲ ಒಂದು ಮೆಟ್ಟಿಲು ಹತ್ತಿಯೇ ಬಾತ್‌ರೂಮಿಗೆ ಹೋಗ್ಬೇಕು. ಯಾವ ಮೀಟಿಂಗಲ್ಲೂ ಅವರನ್ನ ಯಾರೂ ಕೇಳಿರಲಿಲ್ಲ.

ಇನ್ನು ದುಡ್ಡು. ಈ ಖರ್ಚು ಯಾರದ್ದು ಅಂತ ಗೊತ್ತಾಗೋವರೆಗೆ ಆ ಹಂತದ ಪೇಮೆಂಟ್ ನಿಂತುಹೋಯ್ತು. ಎರಡು ಶನಿವಾರ ಮಾವ ಅರ್ಧ ಬಟವಾಡೆ ಮಾತ್ರ ಕೊಟ್ರು. ಜೆಲ್ಲಿ ಹೊರೋ ಒಬ್ಬ ಅಮ್ಮ ನನ್ನ ಹತ್ರ ಬಂದು, "ನಕ್ಸೆ ಯಾರ್ದಾದ್ರೆ ನಮ್ಗೇನವ್ವ, ನಾವು ಹೊತ್ತಿದ್ದು ಹೊತ್ತಿದ್ದೇ ಅಲ್ವಾ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಹೆಸರಿನ ಮುಂದೆ ಬಾಕಿ ಅಂತ ಎಂಟ್ರಿ ಹಾಕಿದೆ.

📌 3/6

ಇದು ಒಂದು ಮೆಟ್ಟಿಲಿನ ಕಥೆ. ಇದೇ ಥರದ ಎಡವಟ್ಟು ದೊಡ್ಡ ಕಟ್ಟಡದಲ್ಲಿ ಆದ್ರೆ ಏನಾಗತ್ತೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಕಾನ್ಸಸ್ ಸಿಟಿ.

1981 ಜುಲೈ 17ರ ಸಂಜೆ. ಹಯಾತ್ ರೀಜೆನ್ಸಿ ಹೋಟೆಲಿನ ದೊಡ್ಡ ಹಾಲಲ್ಲಿ ಡ್ಯಾನ್ಸ್ ಕಾರ್ಯಕ್ರಮ, ತುಂಬಿ ತುಳುಕೋ ಜನ. ಹಾಲಿನ ಮೇಲೆ ಗಾಳೀಲಿ ತೂಗೋ ಕಾಲುಸೇತುವೆಗಳು. ಎರಡನೇ ಮಹಡಿಯದ್ದು ಸರಿಯಾಗಿ ನಾಲ್ಕನೇ ಮಹಡಿಯದರ ಕೆಳಗೆ. ಎರಡೂ ಒಟ್ಟಿಗೆ ಕುಸಿದು ಜನರ ಮೇಲೆ ಬಿದ್ವು. 114 ಜನ ಸತ್ರು. 200ಕ್ಕೂ ಹೆಚ್ಚು ಜನಕ್ಕೆ ಗಾಯ.

ಕಾರಣ ಅರ್ಥ ಆಗ್ಬೇಕಾದ್ರೆ, ಬಾಲಕೃಷ್ಣ ಬೆಣ್ಣೆ ಕದಿಯೋ ಚಿತ್ರ ನೆನಪು ಮಾಡ್ಕೊಳ್ಳಿ. ಸೂರಿಂದ ನೇತಾಡೋ ಗಡಿಗೆ, ಅದೇ ನೆಲುವು. ಒಂದೇ ಉದ್ದದ ಹಗ್ಗಕ್ಕೆ ಎರಡು ಗಡಿಗೆ ಕಟ್ಟಿದೀರ ಅಂದ್ಕೊಳ್ಳಿ, ಮೇಲೊಂದು, ಕೆಳಗೊಂದು. ಎರಡಕ್ಕೂ ಹಗ್ಗದಲ್ಲಿ ಬೇರೆ ಬೇರೆ ಗಂಟು. ಒಂದೊಂದು ಗಂಟು ತನ್ನ ಗಡಿಗೆಯನ್ನ ಮಾತ್ರ ಹೊರತ್ತೆ. ಮೂಲ ಡಿಸೈನ್ ಇದ್ದದ್ದು ಹೀಗೆ: ಸೂರಿಂದ ಇಳಿಯೋ ಒಂದೇ ಉದ್ದನೆ ಸರಳು, ಅದಕ್ಕೆ ಎರಡೂ ಸೇತುವೆ.

ಆದ್ರೆ ಅಷ್ಟುದ್ದದ ಸರಳಿಗೆ ಕೆಳಗಿಂದ ನಾಲ್ಕನೇ ಮಹಡಿವರೆಗೂ ನಟ್ಟು ತಿರುಗೋ ಮರೆ ಕೊರೀಬೇಕು. ಸಾಗಿಸೋವಾಗ, ಎತ್ತೋವಾಗ ಆ ಮರೆ ಹಾಳಾಗೋ ಭಯ. ಹಾಗಾಗಿ ಉಕ್ಕಿನ ಕೆಲಸದವರು ಎರಡು ತುಂಡು ಮಾಡಿದ್ರು. ಸೂರಿಂದ ಮೇಲಿನ ಸೇತುವೆಗೆ ಒಂದು, ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ ಇನ್ನೊಂದು. ಅಂದ್ರೆ ಕೆಳಗಿನ ಗಡಿಗೆಯನ್ನ ಹಗ್ಗದ ಬದಲು ಮೇಲಿನ ಗಡಿಗೆಯ ಕಂಠಕ್ಕೇ ಕಟ್ಟಿದ ಹಾಗಾಯ್ತು. ಮೇಲಿನ ಗಂಟಿಗೆ ಎರಡು ಪಟ್ಟು ಭಾರ.

ಗಮನಿಸಿ, ಸರಳು ತುಂಡು ಮಾಡಿದವರು ದಡ್ಡರಲ್ಲ. ಮೂಲ ಡಿಸೈನನ್ನ ಕಟ್ಟೋದು ನಿಜವಾಗ್ಲೂ ಕಷ್ಟ ಇತ್ತು. ಅದನ್ನ ಬರೆದವರಿಗೆ ಕಟ್ಟೋ ಕಷ್ಟ ಕಾಣಲಿಲ್ಲ. ಬದಲಾಯಿಸಿದವರಿಗೆ ಭಾರದ ಲೆಕ್ಕ ಕಾಣಲಿಲ್ಲ. ಫೋನಲ್ಲಿ ಕೇಳಿ ಒಪ್ಪಿಗೆ ತಗೊಂಡಿದ್ವಿ ಅಂತ ಇವರು, ಅಂಥ ಫೋನೇ ಬಂದಿಲ್ಲ ಅಂತ ಅವರು. ಆದ್ರೆ ಬದಲಾದ ಡ್ರಾಯಿಂಗ್ ಮೇಲೆ ಎಂಜಿನಿಯರ್‌ಗಳ ಸೀಲ್ ಬಿದ್ದಿತ್ತು. ಆಮೇಲೆ ತನಿಖೇಲಿ ಗೊತ್ತಾಗಿದ್ದು, ಮೂಲ ಡಿಸೈನ್ ಕೂಡ ನಗರದ ಕಟ್ಟಡ ನಿಯಮ ಕೇಳಿದ ಬಲದ ಸುಮಾರು 60% ಮಾತ್ರ ಇತ್ತು ಅಂತ. ಜವಾಬ್ದಾರಿ ಹೊತ್ತಿದ್ದ ಎಂಜಿನಿಯರ್‌ಗಳ ಲೈಸೆನ್ಸ್ ಹೋಯ್ತು.

ಇಬ್ಬರೂ ಒಂದು ಮೇಜಿನ ಮುಂದೆ ಕೂತು, ಆ ಒಂದು ಜಾಯಿಂಟನ್ನ ಕೈಯಲ್ಲಿ ಬರೆದು ಲೆಕ್ಕ ಹಾಕಿದ್ರೆ ಎರಡೂ ತಪ್ಪು ಅಲ್ಲೇ ಸಿಗ್ತಿತ್ತು.

📌 4/6

ಹಾಗಾದ್ರೆ ಯಾಕೆ ಕೂರಲ್ಲ? ಇದು ನಮ್ಮ ಸಬ್ಜೆಕ್ಟು, ಸ್ವಲ್ಪ ಕೇಳಿ.

"ಕಮ್ಯುನಿಕೇಶನ್ ಸರಿ ಇರಬೇಕು" ಅಂತ ಉಪದೇಶ ಮಾಡೋದು ಸುಲಭ. ಆದ್ರೆ ನಾನು ಬಿಲ್ ನೋಡೋಳು. ಬಿಲ್ಲಲ್ಲಿ ಕಾಣೋದೇ ಬೇರೆ.

ಮಾವನಿಗೆ ದುಡ್ಡು ಬರೋದು ಚದರಕ್ಕೆ ಇಷ್ಟು ಅಂತ. ಒಂದು ಅನುಮಾನ ಬಂದು ಕೆಲಸ ನಿಲ್ಲಿಸಿ ಕೇಳಿದ್ರೆ, ಆ ದಿನ ಹತ್ತು ಜನರ ಕೂಲಿ, ಸೆಂಟ್ರಿಂಗ್ ಬಾಡಿಗೆ, ಎಲ್ಲ ಅವರ ಜೇಬಿಂದ. ಆರ್ಕಿಟೆಕ್ಟ್‌ಗೆ ನಕ್ಷೆಗೆ ಒಂದು ಫೀಸು, ಸೈಟಿಗೆ ಬಂದ್ರೆ ವಿಸಿಟ್‌ಗೆ ಬೇರೆ ಫೀಸು. ಅದನ್ನ ಉಳಿಸೋಣ ಅಂತ ಓನರ್ ಕರೆಯೋದೇ ಇಲ್ಲ. ಅಂದ್ರೆ ಮೂವರಿಗೂ ಕೇಳೋದಕ್ಕೆ ಇವತ್ತೇ ಖರ್ಚಿದೆ. ಕೇಳದೇ ಇರೋದಕ್ಕೆ ಇವತ್ತು ಖರ್ಚಿಲ್ಲ. ಅದು ಆಮೇಲೆ ಬಡ್ಡಿ ಸಮೇತ ಬರತ್ತೆ.

ಇನ್ನೊಂದಿದೆ. ಕಾಂಟ್ರಾಕ್ಟ್ ಕಾಸ್ಟಿಂಗ್ ಚಾಪ್ಟರ್ ನೆನಪಿದ್ಯಾ? ವರ್ಕ್ ಸರ್ಟಿಫೈಡ್, ವರ್ಕ್ ಅನ್‌ಸರ್ಟಿಫೈಡ್ ಅಂತ ಉರು ಹೊಡೆದ್ವಲ್ಲ? ಆ ಸರ್ಟಿಫಿಕೇಟ್‌ಗೆ ಸಹಿ ಹಾಕೋರು ಸಾಮಾನ್ಯವಾಗಿ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್. ನನ್ನ ಬಿಲ್ ಪಾಸ್ ಮಾಡೋರ ನಕ್ಷೇಲೇ ತಪ್ಪಿದೆ ಅಂತ ನಾನು ಹೋಗಿ ಹೇಳ್ಬೇಕು. ಹೇಳ್ತೀರಾ ನೀವು? ಪ್ರಾಬ್ಲಮ್ ಬಿಡಿಸುವಾಗ ಅದು ಒಂದು ಅಂಕಿ ಅಷ್ಟೇ. ಸೈಟಲ್ಲಿ ಅದು ಮೇಸ್ತ್ರಿಯ ಬಾಯಿ ಮುಚ್ಚಿಸೋ ಬೀಗ.

ಜೊತೆಗೆ ಅವಸರ. ಸಿಡ್ನಿ ಅಪೆರಾ ಹೌಸ್ ಗೊತ್ತಲ್ಲ, ಹಾಯಿ ಬಿಚ್ಚಿದ ಹಡಗಿನ ಥರ ಇರೋದು. ಮೇಲಿನ ಚಿಪ್ಪುಗಳನ್ನ ಹೇಗೆ ಕಟ್ಟೋದು ಅಂತ ತೀರ್ಮಾನ ಆಗೋ ಮುಂಚೆಯೇ 1959ರಲ್ಲಿ ಕೆಳಗಿನ ಕಟ್ಟೆಯ ಕೆಲಸ ಶುರು ಮಾಡಿಸಿದ್ರು. ಆಮೇಲೆ ನೋಡಿದ್ರೆ ಕೆಳಗಿನ ಕಂಬಗಳಿಗೆ ಆ ಚಾವಣಿ ಹೊರೋ ಶಕ್ತಿ ಸಾಲದು. ಮತ್ತೆ ಕಟ್ಟಿದ್ರು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದ್ಕೊಂಡಿದ್ದು 10 ಕೋಟಿ 20 ಲಕ್ಷಕ್ಕೆ ಹೋಯ್ತು. ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್ 1966ರಲ್ಲಿ ಕೆಲಸ ಬಿಟ್ಟು ಹೋದ್ರು. 1973ರಲ್ಲಿ ಅದು ಉದ್ಘಾಟನೆ ಆಯ್ತು, ಮುಗಿದ ಕಟ್ಟಡಾನ ಅವರು ಕಣ್ಣಾರೆ ನೋಡಲೇ ಇಲ್ಲ.

📌 5/6

ಈಗ ಒಳ್ಳೇ ಸುದ್ದಿ. ಬೇರೆ ಥರ ಮಾಡಿದವರೂ ಇದ್ದಾರೆ.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಟರ್ಮಿನಲ್ 5. ಅದನ್ನ ಕಟ್ಟಿಸಿದ್ದು ಬಿಎಎ ಅನ್ನೋ ಕಂಪನಿ. ಅವರು ಮೊದಲು ಬದಲಾಯಿಸಿದ್ದು ಕಾಂಟ್ರಾಕ್ಟನ್ನ. ಹೆಚ್ಚುಕಮ್ಮಿ ಆದ್ರೆ ಆ ರಿಸ್ಕ್ ನಮ್ಮದು, ನಿಮ್ಮ ತಲೆಗೆ ಕಟ್ಟಲ್ಲ ಅಂತ ಒಪ್ಪಂದದಲ್ಲೇ ಬರೆದ್ರು. ಇಡೀ ಪ್ರಾಜೆಕ್ಟ್‌ಗೆ ಒಂದೇ ಇನ್ಶೂರೆನ್ಸ್ ತಗೊಂಡ್ರು. ಡಿಸೈನ್‌ನವರು, ಕಟ್ಟೋರು ಒಂದೇ ತಂಡವಾಗಿ ಕೂತ್ರು. ಉಳಿತಾಯ ಆದ್ರೆ ಅದರಲ್ಲಿ ಎಲ್ಲರಿಗೂ ಪಾಲು.

ಇದರಿಂದ ಏನಾಯ್ತು? ತಪ್ಪು ಹೇಳಿದವನಿಗೆ ದಂಡ ಇಲ್ಲ ಅಂತಾದಾಗ ತಪ್ಪುಗಳು ಬೇಗ ಹೊರಗೆ ಬಂದ್ವು. ಆ ಭಾರಿ ಚಾವಣಿಯ ಒಂದು ಭಾಗವನ್ನ ಮೊದಲೇ ಯಾರ್ಕ್‌ಶೈರ್‌ನಲ್ಲಿ ಎತ್ತಿ ಜೋಡಿಸಿ ನೋಡಿದ್ರು. ಎಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ ಅಂತ ಅಲ್ಲೇ ತಿಳ್ಕೊಂಡು, ಆಮೇಲೆ ಲಂಡನ್ನಲ್ಲಿ ಕಟ್ಟಿದ್ರು. ಕಟ್ಟಡ ಹೇಳಿದ ಸಮಯಕ್ಕೆ ಸಿದ್ಧವಾಗಿ 2008ರ ಮಾರ್ಚಲ್ಲಿ ಶುರು ಆಯ್ತು.

ಆದ್ರೆ ಶುರುವಾದ ಮೊದಲ ದಿನಗಳಲ್ಲಿ ಬ್ಯಾಗುಗಳು ರಾಶಿ ಬಿದ್ದು ನೂರಾರು ಫ್ಲೈಟ್ ರದ್ದಾದ್ವು. ಅಲ್ಲಿ ದಿನಾ ಕೆಲಸ ಮಾಡೋ ಸಿಬ್ಬಂದಿಗೆ ತರಬೇತಿ ಸಾಕಾಗಿರಲಿಲ್ಲ, ಸಿಸ್ಟಮ್ ಪೂರ್ತಿ ಪರೀಕ್ಷೆ ಆಗಿರಲಿಲ್ಲ. ಬರೆಯೋರು, ಕಟ್ಟೋರು ಒಂದಾದ್ರೂ ಬಳಸೋರು ಆಚೆ ಉಳಿದ್ರೆ ಹೀಗಾಗತ್ತೆ. ಮಂಡಿನೋವಿನ ಅಜ್ಜಿ ಥರಾನೇ ಅಲ್ವಾ?

📌 6/6 (ಇದನ್ನ ಸೇವ್ ಮಾಡ್ಕೊಳ್ಳಿ)

ನಮ್ಮೂರಿನ 30×40 ಸೈಟಿಗೆ ಬಿಎಎ ಬರಲ್ಲ. ಆದ್ರೆ ನಿಮ್ಮ ಮನೇಲಿ ಕೆಲಸ ನಡೀತಿದ್ರೆ ಅಪ್ಪ ಅಮ್ಮನಿಗೆ ಇಷ್ಟನ್ನ ತೋರಿಸಿ:

1️⃣ ಪಾಯ ತೆಗೆಯೋ ಮುಂಚೆ ಅರ್ಧ ದಿನ ಎಲ್ಲರನ್ನೂ ಒಂದೇ ಕಡೆ ಕೂರಿಸಿ. ನಕ್ಷೆ ಬರೆದವರು, ಮೇಸ್ತ್ರಿ, ಕಂಬಿ ಕಟ್ಟೋರು, ಪ್ಲಂಬರ್, ಎಲೆಕ್ಟ್ರಿಷಿಯನ್. ಮನೆಯ ಅಜ್ಜಿನೂ ಇರಲಿ. ಮೊದಲು ಮೇಸ್ತ್ರಿ ಮಾತಾಡಲಿ. ಅವರು ಕೊನೇಲಿ ಕೂತ್ರೆ ಮಾತೇ ಆಡಲ್ಲ.

2️⃣ ಪ್ರತಿ ನಕ್ಷೆ ಮೇಲೂ ತಾರೀಕು, ನಂಬರ್. ಹೊಸದು ಬಂದ ದಿನ ಹಳೇದು ಸೈಟಲ್ಲಿ ಇರಬಾರದು. ಮಾವ ಈಗ ಕೆಂಪು ಅಕ್ಷರದಲ್ಲಿ "ರದ್ದು" ಅಂತ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದಾರೆ. ಅದು ಅವರ ಶರ್ಟ್ ಜೇಬಲ್ಲೇ ಇರತ್ತೆ.

3️⃣ ಆರ್ಕಿಟೆಕ್ಟ್ ವಿಸಿಟ್‌ಗಳನ್ನ ಮೊದಲ ಫೀಸಲ್ಲೇ ಸೇರಿಸಿ: ಪಾಯಕ್ಕೊಂದು, ಪ್ರತಿ ಮೋಲ್ಡ್‌ಗೆ ಮುಂಚೆ ಒಂದು. ಕರೆಯೋಕೆ ಖರ್ಚಿಲ್ಲ ಅಂದ್ರೆ ಕರೀತಾರೆ.

4️⃣ ಬದಲಾವಣೆಗೆ ಒಂದು ನೋಟ್‌ಬುಕ್. ಯಾರು ಕೇಳಿದ್ರು, ಯಾರು ಒಪ್ಪಿದ್ರು, ಯಾರು ದುಡ್ಡು ಕೊಡ್ತಾರೆ, ಮೂರು ಸಹಿ. ಫಾರ್ವರ್ಡ್ ಮೆಸೇಜ್ ಸಹಿ ಅಲ್ಲ.

5️⃣ ಜಗಳ ಏನೇ ಇದ್ರೂ ಬಟವಾಡೆ ನಿಲ್ಲಿಸಬೇಡಿ. ಅದಕ್ಕೊಂದು ಮೊತ್ತ ಬೇರೆ ತೆಗೆದಿಡಿ.

ಫ್ಲಾಟ್ ತಗೊಳ್ಳೋರಿಗೆ ಒಂದು ಮಾತು: 2016ರ ರೇರಾ ಕಾಯ್ದೆಯ ಸೆಕ್ಷನ್ 14 ಓದಿ. ಮಂಜೂರಾದ ಪ್ಲಾನನ್ನ ಬಿಲ್ಡರ್ ತನಗೆ ಬೇಕಾದ ಹಾಗೆ ಬದಲಾಯಿಸೋ ಹಾಗಿಲ್ಲ. ಕೈಗೆ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ಕಂಡುಬಂದು ನೀವು ತಿಳಿಸಿದ್ರೆ, ನಿಮ್ಮಿಂದ ದುಡ್ಡು ಕೇಳದೇ 30 ದಿನದಲ್ಲಿ ಸರಿಮಾಡಿಕೊಡಬೇಕು.

ನಾವು ಮುಂದೆ ಸಿಎ ಆಗ್ತೀವೋ, ಬ್ಯಾಂಕಿಗೆ ಹೋಗ್ತೀವೋ, ಅಪ್ಪನ ಅಂಗಡಿ ನೋಡ್ಕೋತೀವೋ ಗೊತ್ತಿಲ್ಲ. ಆದ್ರೆ ಒಪ್ಪಂದ ಬರೆಯೋರು, ಬಿಲ್ ಪಾಸ್ ಮಾಡೋರು, ಲೆಕ್ಕದ ಹೆಡ್ ತೀರ್ಮಾನ ಮಾಡೋರು ನಮ್ಮಂಥವರೇ. ಯಾರು ಯಾರ ಹತ್ರ ಧೈರ್ಯವಾಗಿ ಮಾತಾಡಬಹುದು ಅನ್ನೋದು ಆ ಕಾಗದಗಳಲ್ಲೇ ನಿರ್ಧಾರ ಆಗತ್ತೆ. ಮಾವನ ಟ್ಯಾಲೀಲಿ ನಾನು ಈಗ ಒಂದು ಹೊಸ ಹೆಡ್ ತೆರೆದಿದೀನಿ: "ಮತ್ತೆ ಮಾಡಿದ ಕೆಲಸ". ತಿಂಗಳ ಕೊನೇಲಿ ಆ ಮೊತ್ತ ನೋಡಿದ ದಿನ ಮಾವ ತಾವೇ ಆರ್ಕಿಟೆಕ್ಟ್‌ಗೆ ಫೋನ್ ಹಚ್ತಾರೆ.

ನಿಮ್ಮ ಮನೇಲಿ ಕಟ್ಟಿ ಒಡೆದದ್ದು ಏನಾದ್ರೂ ಇದ್ಯಾ? ಬಾಗಿಲು, ಕಿಟಕಿ, ಮೆಟ್ಟಿಲು? ಕಮೆಂಟಲ್ಲಿ ಬರೀರಿ. ಯಾರ ಹೆಸರೂ ಬೇಡ, ಏನಾಯ್ತು ಅಂತ ಸಾಕು. 🧱

#ಶನಿವಾರದಲೆಕ್ಕ #ಬಿಕಾಂಬದುಕು #ಮನೆಕಟ್ಟಿನೋಡು #ಕನ್ನಡದಲ್ಲಿಬರೆಯೋಣ